ಮನೆ ಖಾಲಿ ಮಾಡುವ ದಿನದ ಮೀಟರ್ ರೀಡಿಂಗ್ ದಾಖಲಾಗಲಿ

ಮಾನ್ಯ ಸಂಪಾದಕರೇ,

ಬಾಡಿಗೆ ಮನೆ ಖಾಲಿ ಮಾಡಿ, ಕೀಲಿಕೈ ಒಪ್ಪಿಸಿ, ಆ ಮನೆಯ ಲೆಕ್ಕವೆಲ್ಲ ಚುಕ್ತಾ ಆಯಿತೆಂದು ನಂಬಿಕೊಂಡಿದ್ದ ನನಗೆ ಸುಮಾರು ಒಂದೂವರೆ ತಿಂಗಳ ಮೇಲೆ ಅದೇ ಮನೆಯ ವಿದ್ಯುತ್ ಬಿಲ್ಲಿನ ಚಿತ್ರವೊಂದು ಮೊಬೈಲಿಗೆ ಬಂತು. ಇದು ನಿಮ್ಮ ಕಾಲದ ಬಾಕಿ, ಉಳಿದಿರುವ ಠೇವಣಿಯಲ್ಲಿ ಮುರಿದುಕೊಳ್ಳುತ್ತೇನೆ ಎಂದು ಮನೆಯೊಡೆಯರು ಅದರ ಕೆಳಗೆ ಬರೆದಿದ್ದರು. ಬಿಲ್ಲಿನಲ್ಲಿದ್ದ ಬಳಕೆ 486 ಯೂನಿಟ್. ನಾವು ಅಲ್ಲಿದ್ದಷ್ಟು ಕಾಲ ನಮ್ಮ ಬಳಕೆ ತಿಂಗಳಿಗೆ ನೂರು ಯೂನಿಟ್ಟಿನ ಆಸುಪಾಸಿನಲ್ಲೇ ಇರುತ್ತಿತ್ತು. ಇಂಥ ಸಂದೇಶ ಪಡೆದ ಅನೇಕರು ಜಗಳ ಯಾಕೆಂದು ಸುಮ್ಮನಾಗಿಬಿಡುತ್ತಾರೆ. ನಾನೂ ಒಂದು ದಿನ ಸುಮ್ಮನಿದ್ದೆ. ಮರುದಿನ ಬಿಲ್ಲನ್ನು ದೊಡ್ಡದು ಮಾಡಿ ನೋಡಿದಾಗ ಕಂಡ ಸಂಗತಿಗಳನ್ನು ಇತರ ಬಾಡಿಗೆದಾರರಿಗೂ ಮನೆಯೊಡೆಯರಿಗೂ ತಿಳಿಸುವುದು ಅಗತ್ಯವೆನಿಸಿ ಈ ಪತ್ರ ಬರೆಯುತ್ತಿದ್ದೇನೆ.

ಬಿಲ್ಲಿನಲ್ಲಿ ಹಿಂದಿನ ರೀಡಿಂಗ್ 8,310 ಎಂದೂ ಈಗಿನ ರೀಡಿಂಗ್ 8,796 ಎಂದೂ ಇತ್ತು. ಆದರೆ ಈ ಎರಡು ಸಂಖ್ಯೆಗಳ ನಡುವಿನ ಅವಧಿ ಒಂದು ತಿಂಗಳಲ್ಲ, ಎರಡು ತಿಂಗಳು. ನಾವು ಮನೆ ಬಿಟ್ಟ ಕೆಲವೇ ದಿನಗಳಿಗೆ ರೀಡಿಂಗ್ ತೆಗೆಯಲು ಬಂದವರಿಗೆ ಬೀಗ ಹಾಕಿದ ಮನೆ ಎದುರಾಗಿದೆ. ಮೀಟರು ಒಳಗಿನ ಮೆಟ್ಟಿಲ ಕೆಳಗಿದ್ದುದರಿಂದ ಅವರು ಅದನ್ನು ನೋಡಲಾಗಿಲ್ಲ. ಹಾಗಾಗಿ ಹಿಂದಿನ ತಿಂಗಳುಗಳ ಸರಾಸರಿ ಹಿಡಿದು 98 ಯೂನಿಟ್ಟಿಗೆ ಬಿಲ್ ಹಾಕಿದ್ದಾರೆ. ಅದನ್ನು ಕೊನೆಯ ಬಿಲ್ಲೆಂದು ತಿಳಿದು ನಾನೇ ಕಟ್ಟಿದ್ದೆ. ಮುಂದಿನ ತಿಂಗಳು ನಿಜವಾದ ರೀಡಿಂಗ್ ಸಿಕ್ಕಾಗ, ಕಟ್ಟಿದ 98 ಯೂನಿಟ್ ಕಳೆದು ಉಳಿದ 388 ಯೂನಿಟ್ಟನ್ನು ಒಟ್ಟಿಗೆ ಹೇರಲಾಗಿತ್ತು. ಸರಾಸರಿ ಬಿಲ್ಲು ಅಂದಾಜಿನದು ಎಂಬುದಕ್ಕೆ ಅದರ ಮೂಲೆಯಲ್ಲಿ ಒಂದೇ ಒಂದು ಅಕ್ಷರದ ಗುರುತು ಬಿಟ್ಟರೆ ಬೇರೆ ಸೂಚನೆ ಇರಲಿಲ್ಲ. ಆ ಅಕ್ಷರದ ಅರ್ಥವನ್ನು ಬಿಲ್ಲಿನ ಹಿಂಬದಿಯ ಸಣ್ಣಕ್ಷರಗಳಲ್ಲಿ ಹುಡುಕಿ ತೆಗೆಯಬೇಕಾಯಿತು.

ನನ್ನ ಪುಣ್ಯಕ್ಕೆ, ಕೀಲಿಕೈ ಕೊಡುವ ದಿನ ಮೀಟರಿನ ಚಿತ್ರ ತೆಗೆದಿದ್ದೆ. ಮೆಟ್ಟಿಲ ಕೆಳಗೆ ಕತ್ತಲು, ಗಾಜಿನ ಮೇಲೆ ಧೂಳು. ಬಟ್ಟೆಯಲ್ಲಿ ಒರೆಸಿ, ಮೊಬೈಲಿನ ಬೆಳಕು ಹಿಡಿದು ತೆಗೆದ ಮೊದಲ ಚಿತ್ರದಲ್ಲಿ ಬಂದದ್ದು ಅಂದಿನ ದಿನಾಂಕ. ಡಿಜಿಟಲ್ ಮೀಟರುಗಳ ಪರದೆ ಹಲವು ಕಡೆ ಒಂದೇ ಸಂಖ್ಯೆಯಲ್ಲಿ ನಿಲ್ಲುವುದಿಲ್ಲ. ದಿನಾಂಕ, ಸಮಯ, ವೋಲ್ಟೇಜ್, ಒಟ್ಟು ಯೂನಿಟ್ ಎಂದು ಕೆಲವು ಸೆಕೆಂಡಿಗೊಮ್ಮೆ ಬದಲಾಗುತ್ತಲೇ ಇರುತ್ತದೆ. ಪಕ್ಕದಲ್ಲಿ ಯೂನಿಟ್ಟನ್ನು ಸೂಚಿಸುವ ಕೆಡಬ್ಲ್ಯೂಎಚ್ (kWh) ಎಂಬ ಗುರುತು ಮೂಡುವವರೆಗೆ ಕಾದು ಎರಡನೆಯ ಚಿತ್ರ ತೆಗೆದೆ. ಅದರಲ್ಲಿ 8,412 ಎಂದಿತ್ತು. ಬೇಡವೆಂದುಕೊಂಡ ಮೊದಲ ಚಿತ್ರವೇ ಕೊನೆಗೆ ಹೆಚ್ಚು ಕೆಲಸಕ್ಕೆ ಬಂತು: ದಿನಾಂಕವನ್ನು ಮೀಟರೇ ಹೇಳುತ್ತಿದ್ದುದರಿಂದ ಇದು ಯಾವತ್ತಿನ ಚಿತ್ರ ಎಂದು ಯಾರೂ ಕೇಳುವಂತಿರಲಿಲ್ಲ.

ಹಾಗಾಗಿ ಲೆಕ್ಕ ಸರಳವಾಯಿತು. 8,310ರಿಂದ 8,412ರವರೆಗಿನ 102 ಯೂನಿಟ್ ನಮ್ಮದು. ಅದರಲ್ಲಿ 98 ಯೂನಿಟ್ಟಿಗೆ ಆಗಲೇ ಹಣ ಕಟ್ಟಿಯಾಗಿತ್ತು. ನಾನು ಕೊಡಬೇಕಾಗಿದ್ದುದು ನಾಲ್ಕು ಯೂನಿಟ್ಟಿನ ಹಣ ಮಾತ್ರ. ಮಿಕ್ಕ 384 ಯೂನಿಟ್ ನಾವು ಹೊರಟ ಮೇಲೆ ಖರ್ಚಾದದ್ದು. ಖಾಲಿ ಮನೆಯಲ್ಲಿ ಇಷ್ಟೊಂದು ವಿದ್ಯುತ್ ಎಲ್ಲಿಗೆ ಹೋಯಿತು ಎಂಬ ಪ್ರಶ್ನೆಗೆ ಉತ್ತರ ಅಕ್ಕಪಕ್ಕದವರಿಂದ ಸಿಕ್ಕಿತು. ನಾವು ಬಿಟ್ಟ ವಾರದಲ್ಲೇ ಅಲ್ಲಿ ನೆಲ ಪಾಲಿಶ್ ಮಾಡಿಸುವ ಮತ್ತು ಬಣ್ಣ ಬಳಿಯುವ ಕೆಲಸ ಶುರುವಾಗಿ ಮೂರು ವಾರ ನಡೆದಿತ್ತಂತೆ. ಒಂದು ಸಾವಿರ ವಾಟ್‌ನ ಉಪಕರಣ ಒಂದು ಗಂಟೆ ಓಡಿದರೆ ಒಂದು ಯೂನಿಟ್. ಒಂದು ಅಶ್ವಶಕ್ತಿ ಎಂದರೆ ಸುಮಾರು 746 ವಾಟ್. ಎರಡು ಅಶ್ವಶಕ್ತಿಯ ಪಾಲಿಶ್ ಯಂತ್ರವೊಂದು ದಿನಕ್ಕೆ ಎಂಟು ಗಂಟೆ ಓಡಿದರೆ ಅದೊಂದೇ ಹನ್ನೆರಡು ಯೂನಿಟ್ ನುಂಗುತ್ತದೆ. ಇದರ ಜೊತೆಗೆ ನೀರಿನ ಪಂಪು, ಕೆಲಸದವರು ರಾತ್ರಿ ಉರಿಸಿದ ದೀಪಗಳು ಸೇರಿದರೆ 384 ಯೂನಿಟ್ ಆಶ್ಚರ್ಯದ ಸಂಗತಿಯಲ್ಲ.

ಮನೆಯೊಡೆಯರ ಮೇಲೆ ನನಗೆ ಸಿಟ್ಟಿಲ್ಲ. ಬಿಲ್ ಕೊಡುವ ಕಚೇರಿಯೂ ನನ್ನನ್ನು ಗುರಿಮಾಡಿಕೊಂಡು ಏನನ್ನೂ ಮಾಡಲಿಲ್ಲ. ಕಚೇರಿಯ ಕಣ್ಣಿಗೆ ಕಾಣುವುದು ವಿದ್ಯುತ್ ಸಂಪರ್ಕದ ಸಂಖ್ಯೆಯೇ ಹೊರತು ಆ ಮನೆಯಲ್ಲಿ ವಾಸವಿರುವವರಲ್ಲ. ಜನ ಬದಲಾದರೂ ಸಂಖ್ಯೆ ಬದಲಾಗುವುದಿಲ್ಲ. ಎಷ್ಟೋ ಬಾಡಿಗೆದಾರರು ತಿಂಗಳುಗಟ್ಟಲೆ ಬಾಕಿ ಉಳಿಸಿ, ಹೇಳದೆ ಕೇಳದೆ ಹೋಗಿ, ಆ ಹೊರೆ ಮನೆಯೊಡೆಯರ ತಲೆಗೆ ಬರುವುದೂ ಉಂಟು. ಅಂಥ ಅನುಭವವಾದವರು ಹೊಸ ಬಿಲ್ ಕಂಡ ಕೂಡಲೇ ಹೋದವರತ್ತ ಬೆರಳು ತೋರಿಸುವುದು ಸಹಜ. ನನ್ನ ಆಕ್ಷೇಪವಿರುವುದು ಬೇರೊಂದು ಸಂಗತಿಯ ಬಗ್ಗೆ. ಮನೆ ಕೈಬದಲಾಗುವ ದಿನದ ರೀಡಿಂಗನ್ನು ದಾಖಲಿಸುವ ಹೊಣೆ ಯಾರ ಮೇಲೂ ಇಲ್ಲದಿದ್ದಾಗ, ತಿಂಗಳುಗಳ ಮೇಲೆ ತನ್ನದಲ್ಲವೆಂದು ರುಜುವಾತು ಮಾಡುವ ಭಾರವೆಲ್ಲ ಆ ಮನೆಯ ಹತ್ತಿರವೂ ಸುಳಿಯಲಾಗದ, ಮೀಟರನ್ನು ನೋಡಲೂ ಆಗದ ವ್ಯಕ್ತಿಯ ಮೇಲೆ ಬೀಳುತ್ತದೆ. ಇದು ನ್ಯಾಯವಲ್ಲ. ಬಳಕೆ ಹೆಚ್ಚಿದಂತೆ ಯೂನಿಟ್ಟಿನ ದರವೂ ಏರುವ ವ್ಯವಸ್ಥೆ ಇದ್ದಲ್ಲಿ ಅನ್ಯಾಯ ಇನ್ನೂ ಹೆಚ್ಚು; ಇಬ್ಬರ ಬಳಕೆ ಒಂದೇ ಬಿಲ್ಲಿನಲ್ಲಿ ಬೆರೆತಾಗ ಮಿತವಾಗಿ ಬಳಸಿದವರೂ ಮೇಲಿನ ದರ ತೆರಬೇಕಾಗುತ್ತದೆ.

ಇಂಥ ಬಿಲ್ ಬಂದವರು ಮೊದಲು ಮಾಡಬೇಕಾದದ್ದು ಫೋನಿನಲ್ಲಿ ವಾದಿಸುವುದಲ್ಲ. ಫೋನಿನ ಮಾತಿಗೆ ಸಾಕ್ಷಿ ಉಳಿಯುವುದಿಲ್ಲ. ಕನಿಷ್ಠ ಒಂದು ವರ್ಷದ ರೀಡಿಂಗ್ ವಿವರವನ್ನು ಲಿಖಿತವಾಗಿ ಕೇಳಿ, ಯಾವ ತಿಂಗಳಿನದು ನಿಜವಾದ ರೀಡಿಂಗ್, ಯಾವುದು ಅಂದಾಜು ಎಂದು ತಾಳೆ ನೋಡಬೇಕು. ಬಿಲ್ಲಿನ ಮೇಲಿರುವ ಮೀಟರ್ ಸಂಖ್ಯೆಯೂ ಮೀಟರಿನ ಮೇಲೆಯೇ ಕೆತ್ತಿರುವ ಸಂಖ್ಯೆಯೂ ಒಂದೇ ಹೌದೋ ಎಂದು ನೋಡಬೇಕು, ಏಕೆಂದರೆ ಹಲವು ಮನೆಗಳ ಮೀಟರುಗಳು ಒಂದೇ ಹಲಗೆಯ ಮೇಲಿರುವ ಕಟ್ಟಡಗಳಲ್ಲಿ ಒಬ್ಬರದು ಇನ್ನೊಬ್ಬರಿಗೆ ಅದಲುಬದಲಾಗಿರುವುದು ಉಂಟು. ಹಳೆಯ ಚಕ್ರದ ಮೀಟರುಗಳಲ್ಲಿ ಕೊನೆಯ ಅಂಕಿ ಬೇರೆ ಬಣ್ಣದಲ್ಲಿದ್ದರೆ ಅದು ಸಾಮಾನ್ಯವಾಗಿ ದಶಮಾಂಶ. ಅದನ್ನೂ ಪೂರ್ಣಾಂಕವೆಂದು ಓದಿಬಿಟ್ಟರೆ ಬಳಕೆ ಹತ್ತು ಪಟ್ಟಾಗಿ ಕಾಣುತ್ತದೆ. ತನ್ನ ಪಾಲೆಂದು ಒಪ್ಪುವ ಮೊತ್ತವನ್ನು ತಡಮಾಡದೆ ಕಟ್ಟಿ, ಉಳಿದದ್ದಕ್ಕೆ ತಕರಾರಿದೆ ಎಂದು ಅದೇ ದಿನ ಬರೆದುಕೊಟ್ಟು ಸ್ವೀಕೃತಿ ಪಡೆಯಬೇಕು. ಪೂರ್ತಿ ಕಟ್ಟಲೇಬೇಕಾದ ಒತ್ತಡ ಬಂದರೆ ಆಕ್ಷೇಪಣೆಗೆ ಒಳಪಟ್ಟು ಪಾವತಿಸಿದ್ದೇನೆ ಎಂಬ ಒಂದು ಸಾಲನ್ನಾದರೂ ಬರೆದಿಡಬೇಕು. ಸುಮ್ಮನೆ ಕಟ್ಟಿದರೆ ಒಪ್ಪಿಕೊಂಡಂತೆ ಎಂದು ಎದುರಿನವರು ಮುಂದೆ ಹೇಳಬಹುದು.

ನನ್ನ ಪ್ರಕರಣದಲ್ಲಿ ಮೂರು ಪತ್ರಗಳು, ಎರಡು ತಿಂಗಳು ಬೇಕಾದವು. ಕಡೆಗೆ ಮನೆಯೊಡೆಯರು ಎರಡೂ ಚಿತ್ರಗಳನ್ನು ನೋಡಿ, ಲೆಕ್ಕವನ್ನು ತಾವೇ ಕೂಡಿ ಕಳೆದು, ನಾಲ್ಕು ಯೂನಿಟ್ಟಿನ ಹಣ ಹಿಡಿದುಕೊಂಡು ಉಳಿದ ಠೇವಣಿ ಹಿಂದಿರುಗಿಸಿದರು. ದುರಸ್ತಿ ಕೆಲಸಕ್ಕೆ ಇಷ್ಟೊಂದು ವಿದ್ಯುತ್ ಹೋದೀತೆಂದು ತಮಗೆ ಹೊಳೆದಿರಲಿಲ್ಲ ಎಂದರು. ಅವರ ಮಾತನ್ನು ನಾನು ನಂಬುತ್ತೇನೆ.

ಇಷ್ಟೆಲ್ಲ ಓಡಾಟ ತಪ್ಪಿಸಲು ದೊಡ್ಡ ಕಾನೂನೇನೂ ಬೇಕಿಲ್ಲ. ಬಾಡಿಗೆ ಕರಾರುಪತ್ರದಲ್ಲಿ ವಿದ್ಯುತ್ ಮತ್ತು ನೀರಿನ ಮೀಟರುಗಳ ಆರಂಭದ ರೀಡಿಂಗಿಗೂ ಬಿಡುವ ದಿನದ ರೀಡಿಂಗಿಗೂ ಖಾಲಿ ಜಾಗ ಬಿಟ್ಟು, ಆಯಾ ದಿನ ಇಬ್ಬರೂ ಮೀಟರಿನ ಮುಂದೆ ನಿಂತು ಬರೆದು ಸಹಿ ಹಾಕಿದರೆ ಮುಕ್ಕಾಲು ಪಾಲು ತಕರಾರುಗಳು ಹುಟ್ಟುವುದೇ ಇಲ್ಲ. ಬಿಲ್ ನೀಡುವ ಸಂಸ್ಥೆಗಳು, ಮನೆ ಬಿಡುವವರು ಕೋರಿದ ದಿನ ಕೊನೆಯ ರೀಡಿಂಗ್ ತೆಗೆದುಕೊಡುವ ಏರ್ಪಾಡು ಮಾಡಬೇಕು. ಅದು ಸಾಧ್ಯವಿಲ್ಲದಲ್ಲಿ ಇಬ್ಬರೂ ಒಪ್ಪಿ ಕಳುಹಿಸಿದ ಚಿತ್ರವನ್ನು ದಾಖಲೆಯಾಗಿ ಸ್ವೀಕರಿಸಬೇಕು. ಬೀಗ ಹಾಕಿದ ಮನೆಗೆ ಸರಾಸರಿ ಹಾಕುವುದು ಅನಿವಾರ್ಯವಿರಬಹುದು, ಆದರೆ ಇದು ಅಂದಾಜು ಬಿಲ್ಲು, ಮುಂದೆ ವ್ಯತ್ಯಾಸ ಬರಬಹುದು ಎಂದು ಮೊತ್ತದ ಪಕ್ಕದಲ್ಲೇ ಅದೇ ಗಾತ್ರದ ಅಕ್ಷರಗಳಲ್ಲಿ ಮುದ್ರಿಸಲು ಏನು ಕಷ್ಟ? ತಕರಾರು ತೀರ್ಮಾನವಾಗುವವರೆಗೆ ಆ ಮೊತ್ತವನ್ನು ಠೇವಣಿಯಿಂದ ಮುರಿದುಕೊಳ್ಳುವುದಿಲ್ಲ ಎಂಬ ಮಾತನ್ನೂ ಕರಾರಿನಲ್ಲಿ ಸೇರಿಸುವುದು ಇಬ್ಬರಿಗೂ ಕ್ಷೇಮ.

ನೀರಿನ ವಿಚಾರವನ್ನು ವಿಶೇಷವಾಗಿ ಹೇಳಬೇಕು. ಖಾಲಿ ಮನೆಯ ನಲ್ಲಿಯೊಂದು ಸೆಕೆಂಡಿಗೆ ಒಂದು ಹನಿ ಸೋರಿದರೂ ದಿನಕ್ಕೆ 86,400 ಹನಿಗಳಾಗುತ್ತವೆ. ಶೌಚಾಲಯದ ಫ್ಲಶ್ ತೊಟ್ಟಿಯ ಸೋರಿಕೆಯಂತೂ ಸದ್ದಿಲ್ಲದೆ ದಿನಕ್ಕೆ ನೂರಾರು ಲೀಟರ್ ಹರಿಸಿಬಿಡಬಲ್ಲದು. ಎಲ್ಲ ನಲ್ಲಿಗಳನ್ನೂ ಬಿಗಿಯಾಗಿ ತಿರುಗಿಸಿದ ಮೇಲೂ ಮೀಟರಿನ ಗಾಜಿನೊಳಗಿನ ಪುಟ್ಟ ಚಕ್ರ ತಿರುಗುತ್ತಿದ್ದರೆ ಎಲ್ಲೋ ಸೋರುತ್ತಿದೆ ಎಂದರ್ಥ. ಮನೆ ಬಿಡುವವರು ಐದು ನಿಮಿಷ ನಿಂತು ಇದನ್ನು ನೋಡಬೇಕು. ನಾನು ನೋಡಲಿಲ್ಲ. ವಿದ್ಯುತ್ ಬಿಲ್ಲಿನ ಹಿಂದೆಯೇ ಅದೇ ಎರಡು ತಿಂಗಳ ನೀರಿನ ಬಿಲ್ಲೂ ಬಂದಿತ್ತು. ಅದರಲ್ಲಿ ನಮ್ಮದೆಷ್ಟು, ನೆಲ ತೊಳೆದ ನೀರೆಷ್ಟು, ಸೋರಿದ್ದೆಷ್ಟು ಎಂದು ಹೇಳಲು ನನ್ನ ಬಳಿ ಒಂದು ಚಿತ್ರವೂ ಇರಲಿಲ್ಲ. ಆ ಬಿಲ್ಲನ್ನು ಪೂರ್ತಿ ನಾನೇ ಕಟ್ಟಿದೆ.

ಇಂತಿ,
ತಮ್ಮ ಪತ್ರಿಕೆಯ ಓದುಗ