ಗಿಫ್ ಅನ್ನಬೇಕೋ, ಜಿಫ್ ಅನ್ನಬೇಕೋ?

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ನನಗೆ 67 ತುಂಬಿತು. ಮಗಳು ಕೇಕ್ ತಂದಿದ್ದಳು. ಅದರ ಮೇಲೆ ಆರು, ಏಳು ಅಂಕಿಯ ಎರಡು ಮೇಣದಬತ್ತಿ. ಬತ್ತಿ ಹಚ್ಚಿದ್ದೇ ತಡ, ಮೊಮ್ಮಗ ಮತ್ತು ನಮ್ಮ ಬಿಲ್ಡಿಂಗಿನ ಅವನ ಗೆಳೆಯರು ಎರಡೂ ಅಂಗೈಗಳನ್ನು ತಕ್ಕಡಿಯ ತಟ್ಟೆಗಳಂತೆ ಮೇಲೆ ಕೆಳಗೆ ಆಡಿಸುತ್ತಾ ‘ಸಿಕ್ಸ್ ಸೆವೆನ್, ಸಿಕ್ಸ್ ಸೆವೆನ್’ ಎಂದು ಕೂಗತೊಡಗಿದರು. ‘ಸಿಕ್ಸ್ಟಿ ಸೆವೆನ್ ಅನ್ನಬೇಕು ಮಕ್ಕಳೇ’ ಎಂದು ತಿದ್ದಿದೆ. ಇನ್ನೂ ಜೋರಾಗಿ ನಕ್ಕರು. ಅರ್ಥ ಏನೋ ಎಂದರೆ ಮೊಮ್ಮಗ, ‘ಅರ್ಥ ಇಲ್ಲ ಅಜ್ಜಾ, ಅದೇ ಮಜಾ’ ಅಂದ.

ಹುಡುಗ ರೀಲು ಬಿಡುತ್ತಿದ್ದಾನೆ ಅಂದುಕೊಂಡೆ. ಆಮೇಲೆ ವಿಚಾರಿಸಿದರೆ ಅವನು ಹೇಳಿದ್ದು ಸರಿಯೇ. ಡಿಕ್ಷನರಿ ಡಾಟ್ ಕಾಮ್‌ನವರು 2025ರ ವರ್ಷದ ಪದ ಎಂದು ಆರಿಸಿದ್ದು ಇದನ್ನೇ. ಬರೆಯುವುದು 67, ಹೇಳುವುದು ಮಾತ್ರ ಸಿಕ್ಸ್ ಸೆವೆನ್. ಅರ್ಥ ಇಂಥದ್ದೇ ಎಂದು ಹೇಳಲು ನಿಘಂಟಿನವರಿಗೂ ಆಗಲಿಲ್ಲ. (ರೀಲು ಅಂದಾಗ ನೆನಪಾಯಿತು. ನಮ್ಮ ಕಾಲದಲ್ಲಿ ರೀಲು ಬಿಡುವವನು ಎಂದರೆ ಸುಳ್ಳುಬುರುಕ. ಈಗ ‘ನನ್ನ ಮಗಳು ದಿನಕ್ಕೆ ಎರಡು ರೀಲ್ ಬಿಡ್ತಾಳೆ’ ಎಂದು ಪಕ್ಕದ ಮನೆಯವರು ಹೆಮ್ಮೆಯಿಂದ ಹೇಳುತ್ತಾರೆ.)

ಮಕ್ಕಳ ಮೇಲೆ ನನಗೆ ದೂರಿಲ್ಲ. ದೂರು ಇರುವುದು ನಿಮ್ಮ ಪತ್ರಿಕೆಯ ಮೇಲೆ.

ಹೋದ ವಾರ ನಿಮ್ಮ ಸಿನಿಮಾ ಪುಟದಲ್ಲಿ ‘ಮೆಮೆ’ ಎಂದು ಓದಿದೆ. ಆಡು ಕೂಗಿದ ಹಾಗಿತ್ತು. ಎರಡು ಪುಟ ತಿರುಗಿಸಿದರೆ ಆಟದ ಪುಟದಲ್ಲಿ ನಿಜವಾಗಿಯೂ ಒಂದು ಮೇಕೆ. ಒಬ್ಬ ಕ್ರಿಕೆಟಿಗನನ್ನು ಅಭಿಮಾನಿಗಳು ‘ಮೇಕೆ’ ಎಂದು ಹೊಗಳಿದರಂತೆ! ಪಾಪ, ಅವರು ಹೇಳಿದ್ದು ಗೋಟ್. ಗ್ರೇಟೆಸ್ಟ್ ಆಫ್ ಆಲ್ ಟೈಮ್ ಎಂಬ ನಾಲ್ಕು ಪದಗಳ ಮೊದಲಕ್ಷರ ಸೇರಿಸಿದರೆ ಗೋಟ್ ಆಗುತ್ತದೆ. ನಿಮ್ಮವರು ಯಾರೋ ಅದನ್ನು ಹಿಡಿದು ಕೊಟ್ಟಿಗೆಗೆ ಕಟ್ಟಿಬಿಟ್ಟಿದ್ದಾರೆ. ಇನ್ನು ಮೆಮೆ, ಅಂದರೆ ಇಂಟರ್ನೆಟ್ಟಿನಲ್ಲಿ ಹರಿದಾಡುವ ತಮಾಷೆಯ ಚಿತ್ರ. ಅದು ಅದೇ ವಾರ ಒಂದು ಕಡೆ ಮೀಮ್ ಆಗಿತ್ತು, ಇನ್ನೊಂದು ಕಡೆ ಮೇಮ್. ಪದ ಹುಟ್ಟಿಸಿದವರು ಬ್ರಿಟನ್ನಿನ ಜೀವವಿಜ್ಞಾನಿ ರಿಚರ್ಡ್ ಡಾಕಿನ್ಸ್, 1976ರಲ್ಲಿ. ಆಗ ಇಂಟರ್ನೆಟ್ ಮನೆಮನೆಗೆ ಬಂದೇ ಇರಲಿಲ್ಲ. ಅದನ್ನು ಇಂಗ್ಲಿಷಿನ ಕ್ರೀಮ್ ಪದಕ್ಕೆ ಪ್ರಾಸವಾಗುವಂತೆ ಹೇಳಬೇಕು ಎಂದು ಅವರೇ ಬರೆದಿಟ್ಟಿದ್ದಾರೆ. ಅಂದರೆ ಮೀಮ್. ಅಲ್ಲಿಗೆ ಜಗಳ ಮುಗಿಯಿತಲ್ವಾ?

ಗಿಫ್ ವಿಷಯ ಅಷ್ಟು ಸುಲಭವಲ್ಲ. ಮೊದಲ ಸಲ ನಿಮ್ಮಲ್ಲಿ ‘ಗಿಫ್’ ಎಂದು ನೋಡಿದಾಗ ಗಿಫ್ಟ್ ಅನ್ನುವಲ್ಲಿ ಟಕಾರ ಬಿದ್ದುಹೋಗಿದೆ ಅಂದುಕೊಂಡಿದ್ದೆ. ಆ ಅಲುಗಾಡುವ ಚಿತ್ರದ ಫೈಲನ್ನು 1987ರಲ್ಲಿ ಕಂಪ್ಯೂಸರ್ವ್ ಕಂಪನಿಯಲ್ಲಿ ತಯಾರಿಸಿದ ತಂಡದ ಮುಖಂಡ ಸ್ಟೀವ್ ವಿಲ್‌ಹೈಟ್. ಅವರು ಕೊನೆಯವರೆಗೂ ಜಿಫ್ ಎಂದೇ ಸಾಧಿಸಿದರು. 2013ರಲ್ಲಿ ಪ್ರಶಸ್ತಿ ತೆಗೆದುಕೊಳ್ಳುವಾಗ ಭಾಷಣದ ಬದಲು ಅದೊಂದೇ ಸಾಲನ್ನು ಪರದೆಯ ಮೇಲೆ ತೋರಿಸಿದರು. ಜನ ಕೇಳಲಿಲ್ಲ. ಆ ಹೆಸರಿನ ಮೊದಲಕ್ಷರ ಗ್ರಾಫಿಕ್ಸ್ ಎಂಬ ಪದದ್ದು, ಗ್ರಾಫಿಕ್ಸ್ ಅನ್ನುವಾಗ ಗ ಬರುತ್ತದೆ, ಇಲ್ಲೇಕೆ ಜ ಎಂದರು. ಇಂದಿಗೂ ನಿಘಂಟುಗಳು ಎರಡನ್ನೂ ಕೊಡುತ್ತವೆ.

ಇಂಗ್ಲಿಷ್ ಪತ್ರಿಕೆಗೆ ಈ ಜಗಳದ ಬಿಸಿ ತಟ್ಟುವುದಿಲ್ಲ. ಮೂರಕ್ಷರ ಬರೆದು ಸುಮ್ನೆ ಕೂರುತ್ತದೆ. ಹೇಗೆ ಓದಬೇಕು ಎನ್ನುವುದು ಓದುಗನ ಪಾಡು. ಕನ್ನಡದಲ್ಲಿ ಆ ಸೌಕರ್ಯ ಇಲ್ಲ. ನೀವು ಗ ಹಾಕಿದರೆ ಗ, ಜ ಹಾಕಿದರೆ ಜ. ಅಚ್ಚು ಹಾಕಿದ ಕೂಡಲೇ ತೀರ್ಪು ಕೊಟ್ಟಂತೆ. ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಮಕ್ಕಳು ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಾರೆ. ಬೆಲೆ ಜಾಸ್ತಿ ಆಯಿತೋ, ಬೆಳೆ ಜಾಸ್ತಿ ಆಯಿತೋ, ಸಾಂಬಾರಿಗೆ ಬೇಳೆ ಜಾಸ್ತಿ ಆಯಿತೋ, ಮೂರೂ ಒಂದೇ ಥರ ಕಾಣುತ್ತವೆ. ನಮ್ಮ ಅಕ್ಷರ ಇಂಥ ಎಡವಟ್ಟು ಮಾಡುವುದಿಲ್ಲ. ಅದಕ್ಕೇ ನೀವು ಬರೆದದ್ದನ್ನು ನನ್ನಂಥವರು ಹಾಗೇ ನಂಬಿ, ಹಾಗೇ ಉಚ್ಚರಿಸಿ, ಮೊಮ್ಮಕ್ಕಳ ಮುಂದೆ ನಗೆಪಾಟಲಾಗುತ್ತೇವೆ.

ಉಚ್ಚಾರ ತಪ್ಪಿದರೆ ನಗು ಅಷ್ಟೇ. ಅರ್ಥ ತಪ್ಪಿದರೆ ಮನಸ್ಸು ಮುರಿಯುತ್ತದೆ. ದೀಪಾವಳಿಗೆ ನನ್ನ ಮೊಮ್ಮಗಳು ಹೊಸ ಲಂಗ ದಾವಣಿಯ ಫೋಟೋ ಹಾಕಿದಳು. ಬೆಂಗಳೂರಿನಲ್ಲಿರುವ ನನ್ನ ತಮ್ಮನ ಮೊಮ್ಮಗ ಕೆಳಗೆ ‘ಚಿಂದಿ’ ಎಂದು ಬರೆದ. ಅಲ್ಲಿನ ಹುಡುಗರ ಬಾಯಲ್ಲಿ ಚಿಂದಿ ಎಂದರೆ ಅದ್ಭುತ, ಸಖತ್. ನಮ್ಮ ಮುಂಬಯಿಯಲ್ಲಿ ಚಿಂದಿ ಎಂದರೆ ಅಗ್ಗದ್ದು, ಕಳಪೆ, ಜಿಪುಣತನದ್ದು. ಇವಳು ಎರಡು ದಿನ ಮುಖ ಊದಿಸಿಕೊಂಡಿದ್ದಳು. ಆ ಹುಡುಗನಿಗೆ ತಾನು ಮಾಡಿದ ತಪ್ಪೇನೆಂದೇ ಗೊತ್ತಿಲ್ಲ. ನಾನು ಫೋನ್ ಮಾಡಿ ಕೇಳಿದಾಗ, ‘ದೊಡ್ಡಜ್ಜಾ, ನಾನು ಹೊಗಳಿದ್ದು’ ಎಂದು ಅಳುವ ಹಾಗಾದ. ಎರಡೂ ಹುಟ್ಟಿದ್ದು ಹರಿದ ಬಟ್ಟೆಯಿಂದಲೇ ಇರಬೇಕು. ಒಂದು ಆಕಾಶಕ್ಕೆ ಹಾರಿತು, ಒಂದು ಚರಂಡಿಗೆ ಬಿತ್ತು.

ದೊಡ್ಡವರಿಗೂ ಇದು ತಪ್ಪಿದ್ದಲ್ಲ. ಬ್ರಿಟನ್ನಿನ ಪ್ರಧಾನಿಯಾಗಿದ್ದ ಡೇವಿಡ್ ಕ್ಯಾಮರಾನ್ ಸಂಪಾದಕಿಯಾಗಿದ್ದ ಒಬ್ಬಾಕೆಗೆ ಕಳಿಸುತ್ತಿದ್ದ ಮೆಸೇಜಿನ ಕೊನೆಗೆ ಲಾಲ್ (ಇಂಗ್ಲಿಷಿನ ಎಲ್, ಓ, ಎಲ್) ಎಂದು ಹಾಕುತ್ತಿದ್ದರಂತೆ. ಲಾಟ್ಸ್ ಆಫ್ ಲವ್, ತುಂಬು ಪ್ರೀತಿ ಎಂದು ಅವರ ಲೆಕ್ಕ. ಅದು ಲಾಫ್ ಔಟ್ ಲೌಡ್, ಗಟ್ಟಿಯಾಗಿ ನಗುವುದು ಎಂದು ಆಕೆಯೇ ಹೇಳಿಕೊಡಬೇಕಾಯಿತು. ಅಲ್ಲಿನ ಪತ್ರಿಕೆಗಳ ನಡವಳಿಕೆಯ ಬಗ್ಗೆ ನಡೆದ ಲೆವಿಸನ್ ವಿಚಾರಣೆಯಲ್ಲಿ, 2012ರಲ್ಲಿ, ಇದು ಹೊರಬಿತ್ತು. ನಾನಂತೂ ಅದನ್ನು ಬಹಳ ದಿನ ನಮ್ಮ ಲೊಳಲೊಟ್ಟೆಯ ಗಿಡ್ಡ ರೂಪ ಎಂದೇ ತಿಳಿದಿದ್ದೆ. ಬರೆಯುವವರು ಯಾರೂ ನಿಜವಾಗಿ ನಗುತ್ತಿರುವುದಿಲ್ಲವಾದ್ದರಿಂದ ನನ್ನ ಅರ್ಥವೇ ಹೆಚ್ಚು ಸರಿ ಅಂತ ಈಗಲೂ ಅನ್ನಿಸುತ್ತದೆ.

ನಾನು 14ನೇ ವಯಸ್ಸಿಗೆ ಕುಂದಾಪುರದ ಕಡೆಯಿಂದ ಬಂದು ಮುಂಬಯಿಯ ಫೋರ್ಟಿನ ಒಂದು ಹೋಟೆಲಿಗೆ ಸೇರಿದವನು. ಹಗಲು ಹೋಟೆಲು, ರಾತ್ರಿ ಕನ್ನಡ ಶಾಲೆ. ಮೊದಲ ದಿನವೇ ಒಬ್ಬ ಗಿರಾಕಿ ‘ಏಕ್ ಕಟಿಂಗ್’ ಅಂದ. ನಾನು ಎದುರಿನ ಸಲೂನಿನ ಕಡೆ ಕೈ ತೋರಿಸಿದೆ. ಊರಲ್ಲಿ ಕಟಿಂಗ್ ಎಂದರೆ ತಲೆಕೂದಲಿನದ್ದು ಮಾತ್ರ. ಒಳಗಿನಿಂದ ಭಟ್ಟರು, ‘ಅರ್ಧ ಗ್ಲಾಸ್ ಚಾ ಮಾರಾಯ’ ಎಂದರು. ಒಂದೇ ಸಲ ಹೇಳಿದ್ದು. ಮೂವತ್ತು ವರ್ಷ ಅದೇ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂತೆ, ಮತ್ತೆ ಯಾರೂ ಹೇಳಬೇಕಾಗಲಿಲ್ಲ.

ನಂಬರಿನಲ್ಲಿ ಮಾತಾಡುವುದೂ ನಮಗೆ ಹೊಸದಲ್ಲ. ತಂತಿ ಕಚೇರಿಯಲ್ಲಿ ಶುಭಾಶಯಕ್ಕೆಲ್ಲ ಒಂದೊಂದು ನಂಬರು ಇತ್ತು. 1 ಎಂದು ಬರೆದುಕೊಟ್ಟರೆ ಆ ಕಡೆ ದೀಪಾವಳಿಯ ಶುಭಾಶಯದ ಇಡೀ ಸಾಲು ತಲುಪುತ್ತಿತ್ತು. ಮದುವೆಗೆ ಬೇರೆ, ಪರೀಕ್ಷೆ ಪಾಸಾದವರಿಗೆ ಬೇರೆ. 2013ರ ಜುಲೈಯಲ್ಲಿ ತಂತಿ ಸೇವೆಯೇ ನಿಂತುಹೋಯಿತು. ಆದರೆ ಆಗ ಯಾವ ನಂಬರಿಗೆ ಯಾವ ಅರ್ಥ ಎಂಬ ಪಟ್ಟಿ ಇತ್ತು. ಕೇಳಿದರೆ ತೋರಿಸುತ್ತಿದ್ದರು.

ಆ ಪಟ್ಟಿಯ ಕೆಲಸವನ್ನು ಈಗ ನೀವು ಮಾಡಬೇಕು. ವಾರಕ್ಕೆ ಒಂದೇ ಪದ ಸಾಕು. ಹೇಳುವುದು ಹೇಗೆ, ಅರ್ಥ ಏನು, ಅಷ್ಟು ಬರೆಯಿರಿ. ಆಮೇಲೆ ಎಲ್ಲ ಪುಟದಲ್ಲೂ ಅದನ್ನು ಒಂದೇ ಥರ ಬರೆಯಿರಿ. ಗಿಫ್ ಎಂದಾದರೆ ಗಿಫ್, ಜಿಫ್ ಎಂದಾದರೆ ಜಿಫ್, ನನಗೆ ಯಾವುದಾದರೂ ಆದೀತು. ಮೊನ್ನೆ ‘ನೋ ಕ್ಯಾಪ್’ ಎಂದು ಬರೆದಿದ್ದಿರಿ. ನಾನು ಫೋಟೋದಲ್ಲಿ ಟೋಪಿ ಹುಡುಕಿದೆ. ಕ್ಯಾಪ್ ಎಂದರೆ ಸುಳ್ಳು, ನೋ ಕ್ಯಾಪ್ ಎಂದರೆ ಸುಳ್ಳಲ್ಲ, ನಿಜ. ನಮ್ಮಲ್ಲೂ ಟೋಪಿ ಹಾಕುವುದು ಎಂದರೆ ಮೋಸ ತಾನೇ? ಹೀಗೆ ಒಂದು ಸಾಲು ಸೇರಿಸಿದ್ದರೆ ಸಾಯುವವರೆಗೆ ಮರೆಯುತ್ತಿರಲಿಲ್ಲ.

ಇತಿ,
ನಿಮ್ಮ ಹಳೆಯ ಓದುಗ, ನಿವೃತ್ತ ಹೋಟೆಲ್ ಕ್ಯಾಶಿಯರ್
ಡೊಂಬಿವಲಿ ಪೂರ್ವ

ತಾ.ಕ.: ಈ ಪತ್ರವನ್ನು ಟೈಪ್ ಮಾಡಿಕೊಟ್ಟ ಮಗಳು ಅದನ್ನು ಮೊಮ್ಮಗನಿಗೆ ಓದಿ ಹೇಳಿದಳು. ಅವನು ‘ಕ್ರಿಂಜ್’ ಎಂದು ಎದ್ದು ಹೋದ. ಅರ್ಥ ಕೇಳಿದರೆ ಇಬ್ಬರೂ ಹೇಳುತ್ತಿಲ್ಲ. ಮೊದಲ ವಾರಕ್ಕೆ ಇದನ್ನೇ ತೆಗೆದುಕೊಳ್ಳಿ.