ಗೆಳೆಯನಿಗೊಂದು ಪತ್ರ: ಆ ಬಾಟಲಿಯನ್ನು ಚೆಲ್ಲಬೇಡ

ಪ್ರಿಯ ಪ್ರಸನ್ನ,

ಫ್ರಾನ್ಸಿನ ಲಿಯೋನ್ ನಗರದ ಮನೆಯಲ್ಲಿ ಆ ಗಿಡ್ಡ ವೈನ್ ಬಾಟಲಿ ತೆರೆದೆ, ಅಕ್ರೋಟು, ಮೆಂತ್ಯ, ಒಣ ಅಣಬೆಯ ವಾಸನೆ ಬಂತು, ಬಾಯಲ್ಲಿ ಹುಳಿ ಚುರುಕಾಗಿ ತಾಗಿತು, ಕೆಟ್ಟುಹೋಗಿರಬೇಕು ಎಂದು ಬರೆದಿದ್ದೀಯ. ಕೆಟ್ಟಿಲ್ಲ ಮಾರಾಯ. ಸಿಂಕಿಗೆ ಸುರಿಯುವ ಮೊದಲು ಈ ಪತ್ರ ಪೂರ್ತಿ ಓದು.

ನೀನು ಕಳಿಸಿದ ಚಿತ್ರದಲ್ಲಿರುವುದು ವ್ಯಾಂ ಜೋನ್, ಜೂರಾ ಸೀಮೆಯ ಹಳದಿ ವೈನ್. ಲೇಬಲಿನ ಮೇಲೆ ಶಾತೊ-ಶಾಲೊಂ ಎಂದೂ 2016 ಎಂದೂ ಇದೆ. ಫ್ರಾನ್ಸಿನಲ್ಲಿ ಇದಕ್ಕಿಂತ ದುಬಾರಿ ಬಿಳಿ ವೈನುಗಳು ಬೇಕಾದಷ್ಟಿವೆ. ಆದರೆ ಮಾಡುವವರಿಂದಲೂ ಕುಡಿಯುವವರಿಂದಲೂ ಇಷ್ಟು ತಾಳ್ಮೆ ಕೇಳುವುದು ಇನ್ನೊಂದಿಲ್ಲ ಎಂದೇ ನಾನು ನಂಬಿದ್ದೇನೆ.

ಜೂರಾ ಇರುವುದು ಫ್ರಾನ್ಸಿನ ಬರ್ಗಂಡಿ ಸೀಮೆಗೂ ಸ್ವಿಟ್ಜರ್ಲೆಂಡಿಗೂ ನಡುವೆ. ಉತ್ತರದಿಂದ ದಕ್ಷಿಣಕ್ಕೆ ಸುಮಾರು 80 ಕಿಲೋಮೀಟರ್ ಉದ್ದದ ಕಿರಿದಾದ ಇಳಿಜಾರು ಪಟ್ಟಿ ಅದು. 19ನೇ ಶತಮಾನದಲ್ಲಿ ಅಲ್ಲಿ ಸುಮಾರು 20,000 ಹೆಕ್ಟೇರ್ ದ್ರಾಕ್ಷಿ ತೋಟವಿತ್ತು. ಬೇರು ತಿನ್ನುವ ಫಿಲಾಕ್ಸೆರಾ ಕೀಟ ಬಂದು ಅದನ್ನು ನೆಲಕಚ್ಚಿಸಿತು. ಈಗ ಉಳಿದಿರುವುದು ಸುಮಾರು 2,000 ಹೆಕ್ಟೇರ್. ಆರ್ಬ್ವಾ, ಲೇತ್ವಾಲ್, ಕೋತ್ ದ್ಯು ಜೂರಾ, ಶಾತೊ-ಶಾಲೊಂ ಈ ನಾಲ್ಕು ಪ್ರದೇಶಗಳ ಹೆಸರಿನಲ್ಲಿ ಹಳದಿ ವೈನ್ ಬರುತ್ತದೆ. ಮೊದಲ ಮೂರರಲ್ಲಿ ಬೇರೆ ವೈನುಗಳೂ ಉಂಟು. ಶಾತೊ-ಶಾಲೊಂ ಮಾತ್ರ ಹಳದಿ ವೈನಿಗೇ ಮೀಸಲು. ಬಂಡೆಯ ತುದಿಯಲ್ಲಿ ಕೂತ ಊರು, ಕೆಳಗಿನ ಇಳಿಜಾರಿನಲ್ಲಿ ನೀಲಿ-ಬೂದು ಬಣ್ಣದ ಸುಣ್ಣದಂಶದ ಜೇಡಿಮಣ್ಣು, ಒಟ್ಟು ಸುಮಾರು 50 ಹೆಕ್ಟೇರ್ ತೋಟ, ಅಷ್ಟೇ. ಕೊಯ್ಲಿಗೆ ಮುಂಚೆ ಒಂದು ಸಮಿತಿ ತೋಟ ತೋಟ ನೋಡಿ ಹಣ್ಣು ತಕ್ಕಷ್ಟು ಮಾಗಿದೆಯೇ ಎಂದು ತೀರ್ಮಾನಿಸುತ್ತದೆ. 1974, 1980, 1984 ಮತ್ತು 2001ರಲ್ಲಿ ಆ ಹೆಸರಿನ ವೈನೇ ಬರಲಿಲ್ಲ. ಒಂದಿಡೀ ವರ್ಷದ ಹೆಸರನ್ನು ಬಿಟ್ಟುಕೊಡುವ ಆ ಊರಿನವರ ಬಗ್ಗೆ ನನಗೆ ದೊಡ್ಡ ಗೌರವ.

ಇದಕ್ಕೆ ಬಳಸಲು ಅನುಮತಿ ಇರುವುದು ಸಾವಾನ್ಯಾಂ ಎಂಬ ಒಂದೇ ದ್ರಾಕ್ಷಿ. ಸಣ್ಣ ಕಾಯಿ, ದಪ್ಪ ಸಿಪ್ಪೆ. ತಡವಾಗಿ ಮಾಗುತ್ತದೆ, ಮಾಗಿದ ಮೇಲೂ ಹುಳಿ ಬಿಡುವುದಿಲ್ಲ. ನಿನ್ನ ನಾಲಗೆಗೆ ತಾಗಿದ್ದು ಆ ಹುಳಿ. ಅದಿಲ್ಲದಿದ್ದರೆ ಈ ವೈನ್ ಇಷ್ಟು ವರ್ಷ ಪೀಪಾಯಿಯಲ್ಲಿ ತಡೆಯುತ್ತಲೇ ಇರಲಿಲ್ಲ.

ಮೊದಲ ಹಂತದಲ್ಲಿ ವಿಶೇಷವೇನಿಲ್ಲ. ರಸ ಹಿಂಡಿ, ಸಕ್ಕರೆ ಪೂರ್ತಿ ಮುಗಿಯುವವರೆಗೆ ಹುದುಗಿಸುತ್ತಾರೆ. ಆಮೇಲೆ 228 ಲೀಟರಿನ ಹಳೆಯ ಓಕ್ ಪೀಪಾಯಿಗೆ ತುಂಬುತ್ತಾರೆ. ಅಸಲು ಕೆಲಸ ಶುರುವಾಗುವುದು ಅಲ್ಲಿಂದ. ಬೇರೆ ಕಡೆ ಪೀಪಾಯಿಯಿಂದ ಆವಿಯಾದಷ್ಟನ್ನು ವಾರವಾರವೂ ಮತ್ತೆ ತುಂಬುತ್ತಾ ಹೋಗುತ್ತಾರೆ, ಗಾಳಿ ಸೇರಿದರೆ ವೈನ್ ವಿನಿಗರ್ ಆಗಿಬಿಡುತ್ತದೆಂಬ ಭಯ. ಇಲ್ಲಿ ಮೇಲೆ ಕೆಲವು ಲೀಟರಿನಷ್ಟು ಜಾಗವನ್ನು ಬೇಕೆಂದೇ ಖಾಲಿ ಬಿಡುತ್ತಾರೆ, ಆಮೇಲೆ ತುಂಬುವುದೇ ಇಲ್ಲ. ಸ್ವಲ್ಪ ಕಾಲದಲ್ಲಿ ವೈನಿನ ಮೇಲೆ, ಕಾಸಿ ಆರಿಸಿದ ಹಾಲಿಗೆ ಕೆನೆ ಕಟ್ಟುವಂತೆ, ಬೂದು ಬಣ್ಣದ ತೆಳು ಪೊರೆ ಕಟ್ಟುತ್ತದೆ. ಅದು ಜೀವಂತ ಯೀಸ್ಟ್. ತಿನ್ನಲು ಸಕ್ಕರೆ ಇಲ್ಲವಾದ್ದರಿಂದ ಮೇಲೆ ತೇಲಿ, ಗಾಳಿಯ ಆಮ್ಲಜನಕ ಹೀರಿ, ಆಲ್ಕೋಹಾಲನ್ನೇ ತಿಂದು ಬದುಕುತ್ತದೆ. ಆ ಪೊರೆ ಇರುವವರೆಗೆ ಕೆಳಗಿನ ವೈನಿಗೆ ನೇರವಾಗಿ ತಾಗುವ ಗಾಳಿ ಬಹಳ ಕಡಿಮೆ. ಅದು ಆಲ್ಕೋಹಾಲಿನಿಂದ ಮಾಡುವ ಅಸಿಟಾಲ್ಡಿಹೈಡ್ ಹಸಿರು ಸೇಬಿನ, ಅಕ್ರೋಟಿನ ವಾಸನೆ ಕೊಡುತ್ತದೆ. ವರ್ಷಗಳು ಕಳೆದಂತೆ ಸೊಟೊಲಾನ್ ಎಂಬ ಇನ್ನೊಂದು ಪದಾರ್ಥ ಹುಟ್ಟುತ್ತದೆ. ನಮ್ಮ ಮೆಂತ್ಯಕ್ಕೆ ಆ ಪರಿಮಳ ಬಂದಿರುವುದೂ ಸೊಟೊಲಾನಿನಿಂದಲೇ. ಹಾಗಾಗಿ ನಿನ್ನ ಮೂಗು ತಪ್ಪಿಲ್ಲ, ಸರಿಯಾದದ್ದನ್ನೇ ಹಿಡಿದಿದೆ. ಸಾರಿನ ಪುಡಿಗೆ ಮೆಂತ್ಯ ಹುರಿಯುವ ಮನೆಯಲ್ಲಿ ಬೆಳೆದವರಿಗೆ ಈ ವೈನ್ ಬೇಗ ಪರಿಚಯವಾಗುತ್ತದೆ.

ಪೊರೆಯನ್ನು ಸಾಕುವುದು ಕಷ್ಟದ ಕೆಲಸ. ನೆಲಮಾಳಿಗೆ ವರ್ಷವಿಡೀ ಒಂದೇ ತಣ್ಣಗಿರಬೇಕು ಎನ್ನುವ ಸಾಮಾನ್ಯ ನಿಯಮ ಇಲ್ಲಿ ನಡೆಯುವುದಿಲ್ಲ. ಗಾಳಿಯಾಡಬೇಕು, ಚಳಿಗಾಲದ ಚಳಿ, ಬೇಸಗೆಯ ಸೆಕೆ ಎರಡೂ ಒಳಗೆ ತಿಳಿಯಬೇಕು. ವಸಂತದಲ್ಲೂ ಶರತ್ಕಾಲದಲ್ಲೂ ಪೊರೆ ದಪ್ಪವಾಗುತ್ತದೆ, ಮಧ್ಯೆ ಸ್ವಲ್ಪ ಕಳಚಿ ತಳಕ್ಕೆ ಬೀಳುತ್ತದೆ. ಜಾಗ ಒಣಗಿದ್ದರೆ ನೀರು ಹೆಚ್ಚು ಆವಿಯಾಗಿ ಆಲ್ಕೋಹಾಲಿನ ಪ್ರಮಾಣ ಏರುತ್ತದೆ, ತೇವವಿದ್ದರೆ ಇಳಿಯುತ್ತದೆ. ಪೊರೆ ಸರಿಯಾಗಿ ಕಟ್ಟದ ಪೀಪಾಯಿಗೆ ಅಸಿಟಿಕ್ ಬ್ಯಾಕ್ಟೀರಿಯಾ ನುಗ್ಗುತ್ತದೆ, ವೈನ್ ವಿನಿಗರಿನ ದಾರಿ ಹಿಡಿಯುತ್ತದೆ. ಅದಕ್ಕೇ ಪ್ರತಿ ಪೀಪಾಯಿಯಿಂದಲೂ ಆಗಾಗ ಮಾದರಿ ತೆಗೆದು ಪರೀಕ್ಷಿಸುತ್ತಾರೆ. ಮಾದರಿ ತೆಗೆಯುವಾಗಲೂ ಪೊರೆ ಹರಿಯಬಾರದು, ಹಾಗಾಗಿ ಎಷ್ಟೋ ಪೀಪಾಯಿಗಳ ಮುಂಭಾಗದಲ್ಲೇ ಸಣ್ಣ ನಲ್ಲಿ ಇರುತ್ತದೆ. ದಾರಿ ತಪ್ಪುತ್ತಿದೆ ಎಂದು ಕಂಡ ಪೀಪಾಯಿಯನ್ನು ಬೇಗ ಹೊರತೆಗೆಯುತ್ತಾರೆ. ಪೂರ್ತಿ ಅವಧಿ ಮುಟ್ಟದ ಒಳ್ಳೆಯ ಪೀಪಾಯಿಗಳದ್ದು ಬರಿಯ ಸಾವಾನ್ಯಾಂ ಹೆಸರಿನಲ್ಲಿ ಮಾರಾಟವಾಗುತ್ತದೆ, ಇಲ್ಲವೇ ಶಾರ್ಡನೆ ಎಂಬ ಇನ್ನೊಂದು ಬಿಳಿ ದ್ರಾಕ್ಷಿಯ ವೈನಿನ ಜೊತೆ ಬೆರೆಯುತ್ತದೆ.

ಈ ಪೊರೆಯ ಬಗ್ಗೆ ತಲೆಕೆಡಿಸಿಕೊಂಡವರಲ್ಲಿ ಲೂಯಿ ಪಾಶ್ಚರ್ ಒಬ್ಬರು. ಅವರು ಬೆಳೆದ ಊರೇ ಆರ್ಬ್ವಾ. ವೈನ್ ಕುರಿತ ಅವರ ಸಂಶೋಧನೆ 1866ರಲ್ಲಿ ಪುಸ್ತಕವಾಯಿತು, ಮುಂದೆ ಆ ಊರಿನ ಹತ್ತಿರ ಸ್ವಂತ ದ್ರಾಕ್ಷಿ ತೋಟವನ್ನೂ ಕೊಂಡರು. ವೈನನ್ನು ಕಾಯುವ ಪೊರೆ ಬೇರೆ, ವಿನಿಗರ್ ಮಾಡುವ ಪೊರೆ ಬೇರೆ ಎಂದು ಅವರು ಬಿಡಿಸಿ ತೋರಿಸಿದ್ದು ಇಲ್ಲಿನ ರೈತರಿಗೆ ನೇರವಾಗಿ ದಕ್ಕಿದ ಜ್ಞಾನ.

ಕಾನೂನಿನ ಪ್ರಕಾರ ವೈನ್ ಕನಿಷ್ಠ 60 ತಿಂಗಳು ಪೊರೆಯ ಕೆಳಗಿರಬೇಕು, ಕೊಯ್ಲಿನ ನಂತರದ ಆರನೇ ವರ್ಷದ ಡಿಸೆಂಬರ್ 15ರವರೆಗೆ ಪೀಪಾಯಿ ಬಿಡುವಂತಿಲ್ಲ. ನಿನ್ನ 2016ರದ್ದು ಅಂಗಡಿಗೆ ಬಂದದ್ದು 2023ರಲ್ಲಿ. ಒಂದು ಲೀಟರ್ ಹಾಕಿದರೆ ಕೊನೆಗೆ ಉಳಿಯುವುದು ಸುಮಾರು 62 ಸೆಂಟಿಲೀಟರ್ ಎನ್ನುತ್ತಾರೆ, ಬಾಟಲಿಯ ಅಳತೆಯೂ ಅಷ್ಟೇ. ಕ್ಲಾವ್ಲಾಂ ಎಂಬ ಈ ಚೌಕ ಭುಜದ ಗಿಡ್ಡ ಬಾಟಲಿಯನ್ನು ಕಂಡು ಮೋಸವಾಯಿತೆಂದುಕೊಳ್ಳಬೇಡ. ಸ್ಪೇನಿನ ಶೆರಿ ವೈನಿನ ಕೆಲವು ಬಗೆಗಳನ್ನೂ ಇಂಥದೇ ಪೊರೆಯ ಕೆಳಗೆ ಮಾಡುತ್ತಾರೆ, ಆದರೆ ಅದಕ್ಕೆ ಸಾಮಾನ್ಯವಾಗಿ ಹೊರಗಿನಿಂದ ಮದ್ಯಸಾರ ಸೇರಿಸಿ ಹಲವು ವರ್ಷಗಳದ್ದನ್ನು ಬೆರೆಸುತ್ತಾರೆ. ಇಲ್ಲಿ ಸೇರಿಸುವುದೂ ಇಲ್ಲ, ಬೆರೆಸುವುದೂ ಇಲ್ಲ.

ಈಗ ನಿನ್ನ ಬಾಟಲಿಯ ವಿಷಯ. ಫ್ರಿಜ್ಜಿನಿಂದ ತೆಗೆದ ಕೂಡಲೇ ಕುಡಿದೆಯಲ್ಲ, ಅಲ್ಲೇ ತೊಂದರೆ. ತಣ್ಣಗಿದ್ದಾಗ ಪರಿಮಳ ಮುದುಡಿ ಹುಳಿ ಮಾತ್ರ ಎದ್ದು ಕಾಣುತ್ತದೆ. 14ರಿಂದ 16 ಡಿಗ್ರಿಯಲ್ಲಿ ಕುಡಿ. ಫ್ರಿಜ್ಜಿನಿಂದ ತೆಗೆದು ಒಂದು ಗಂಟೆಯಷ್ಟು ಹೊರಗಿಡು. ಹೊಸ ಬಾಟಲಿಯಾದರೆ ಬೆಳಗ್ಗೆಯೇ ಬಿರಡೆ ತೆಗೆದಿಟ್ಟು ರಾತ್ರಿ ಊಟಕ್ಕೆ ಬಳಸು. ನಿನ್ನದು ತೆರೆದು ಎರಡು ದಿನವಾಗಿದ್ದರೆ ಅದು ಒಳ್ಳೆಯದೇ, ಈಗ ಇನ್ನೂ ಚೆನ್ನಾಗಿರುತ್ತದೆ. ಬಿರಡೆ ಹಾಕಿ ನೇರವಾಗಿ ನಿಲ್ಲಿಸಿಟ್ಟರೆ ಕೆಲವು ವಾರ ಕೆಡುವುದಿಲ್ಲ. ಮೇಲೆ ಕಿರಿದಾಗುವ ಲೋಟಕ್ಕೆ 6–8 ಸೆಂಟಿಲೀಟರ್ ಸಾಕು. ಅವಸರದಲ್ಲಿ, ಬಾಯಾರಿಕೆಗೆ ಕುಡಿಯುವ ವೈನಲ್ಲ ಇದು.

ಜೊತೆಗೆ ಅದೇ ಸೀಮೆಯ ಕೋಂತೆ ಚೀಸ್ ತಗೋ, 18 ತಿಂಗಳಿಗಿಂತ ಹೆಚ್ಚು ಮಾಗಿದ್ದು, ಒಂದು ಹಿಡಿ ಅಕ್ರೋಟೂ ಇರಲಿ. ಅಡುಗೆ ಮಾಡುವ ಮನಸ್ಸಿದ್ದರೆ ಆ ಕಡೆಯ ಹೆಸರಾಂತ ಕೋಳಿ ಮಾಡು. ನಾಲ್ವರಿಗೆ 30 ಗ್ರಾಂ ಒಣ ಮೊರೆಲ್ ಅಣಬೆ ಬೇಕು, ನಮ್ಮ ಹಿಮಾಲಯದ ಕಡೆ ಗುಚ್ಚಿ ಎನ್ನುವುದು ಇದನ್ನೇ. ಉಗುರುಬೆಚ್ಚಗಿನ ನೀರಲ್ಲಿ ಒಂದು ಗಂಟೆ ನೆನೆಸಿ, ಹಿಂಡಿ, ನೀರನ್ನು ಬಟ್ಟೆಯಲ್ಲಿ ಸೋಸು, ಮರಳಿರುತ್ತದೆ. ಮೊರೆಲ್ ಹಸಿಯಾಗಿ ವಿಷ, ಚೆನ್ನಾಗಿ ಬೇಯಲೇಬೇಕು. ಒಂದೂವರೆ ಕಿಲೋ ಕೋಳಿಯ ಎಂಟು ತುಂಡನ್ನು 40 ಗ್ರಾಂ ಬೆಣ್ಣೆಯಲ್ಲಿ ಹೊಂಬಣ್ಣಕ್ಕೆ ತಂದು, ಸಣ್ಣ ಈರುಳ್ಳಿ ಎರಡು, ಅಣಬೆ, 200 ಮಿಲಿ ವೈನ್, ಸೋಸಿದ ನೀರು ಸ್ವಲ್ಪ ಹಾಕಿ, ಮುಚ್ಚಿ 35 ನಿಮಿಷ ಸಣ್ಣ ಉರಿಯಲ್ಲಿ ಬೇಯಿಸು. ಆಮೇಲೆ 300 ಮಿಲಿ ಗಟ್ಟಿ ಕ್ರೀಮ್ ಹಾಕಿ ಹತ್ತು ನಿಮಿಷ ಕುದಿಸು. ಕೊಬ್ಬು ಕಡಿಮೆಯ ಕ್ರೀಮ್ ಹಾಕಿದರೆ ವೈನಿನ ಹುಳಿಗೆ ಒಡೆಯುತ್ತದೆ. ಬೇಯಿಸಲು ಅಗ್ಗದ ಪೊರೆಯ ಸಾವಾನ್ಯಾಂ ಸಾಕು. ಒಲೆ ಆರಿಸಿದ ಮೇಲೆ ಒಂದು ದೊಡ್ಡ ಚಮಚ ಅಸಲಿ ವ್ಯಾಂ ಜೋನ್ ಸುರಿ, ಕುದಿಸಿದಾಗ ಹಾರಿಹೋದ ಪರಿಮಳ ಮರಳುತ್ತದೆ. ನಮ್ಮ ಅಡುಗೆಯಲ್ಲಿ ಕಾಯಿಹಾಲು ಹಾಕಿದ, ಖಾರ ಕಡಿಮೆಯ ಕೋಳಿ ಸಾರಿಗೂ ಇದು ಹೊಂದುತ್ತದೆ. ಖಾರ ಜಾಸ್ತಿಯಾದರೆ ಆಲ್ಕೋಹಾಲು ಬಾಯಿ ಸುಡುತ್ತದೆ.

ಮುಂದೆ ಕೊಳ್ಳುವಾಗ ಲೇಬಲ್ ಗಮನಿಸಿ ಓದು. ಸಾವಾನ್ಯಾಂ ಎಂದಷ್ಟೇ ಇದ್ದರೆ ಅದು ಪೊರೆಯದ್ದೋ, ಪೀಪಾಯಿ ತುಂಬುತ್ತಾ ಬಂದ ಊಯೇ ಎಂಬ ತಾಜಾ ಬಗೆಯೋ ಎಂದು ಅಂಗಡಿಯವರನ್ನು ಕೇಳು, ಎರಡಕ್ಕೂ ಅಜಗಜಾಂತರ. ವ್ಯಾಂ ದ ಪಾಯ್ ಎಂದಿದ್ದರೆ ಅದು ಒಣಗಿಸಿದ ದ್ರಾಕ್ಷಿಯ ಸಿಹಿ ವೈನ್. ಫೆಬ್ರುವರಿ ಮೊದಲಲ್ಲಿ ಬಿಡುವಾದರೆ ಆಗಷ್ಟೇ ಅವಧಿ ಮುಗಿಸಿದ ವೈನಿನ ಪೀಪಾಯಿ ತೆರೆಯುವ ಹಬ್ಬಕ್ಕೆ ಹೋಗು. 1997ರಲ್ಲಿ ಶುರುವಾದ ಆ ಪೆರ್ಸೆ ಹಬ್ಬ ಜೂರಾದ ಬೇರೆ ಬೇರೆ ಊರುಗಳಲ್ಲಿ ನಡೆಯುತ್ತದೆ, ಹಲವು ತಯಾರಕರದ್ದನ್ನು ಒಂದೇ ಕಡೆ ರುಚಿ ನೋಡಬಹುದು.

ಊರಿಗೆ ಬರುವಾಗ ತರುವುದಾದರೆ ಸುಂಕವಿಲ್ಲದೆ ತರಬಹುದಾದ ಮಿತಿ ಎರಡು ಲೀಟರ್. ಮೂರು ಕ್ಲಾವ್ಲಾಂ ಸೇರಿದರೆ 1.86 ಲೀಟರ್, ಸರಿಯಾಗಿ ಕೂರುತ್ತದೆ. ಬಟ್ಟೆಯಲ್ಲಿ ಸುತ್ತಿ ದೊಡ್ಡ ಪೆಟ್ಟಿಗೆಯ ನಡುವೆ ಇಡು. ಬೇಸಗೆಯಲ್ಲಿ ಬಂದರೆ ಬಿಸಿಲಿಗೆ ನಿಂತ ಕಾರಿನಲ್ಲಿ ಬಿಡಬೇಡ.

ಇಂತಿ ನಿನ್ನ ಗೆಳೆಯ