ವಿಯೆಟ್ನಾಂಗೆ ಬರುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ವಿಯೆಟ್ನಾಂ ಜನ ಹೇಗೆ ಅಂತ ಗುಂಪಿನಲ್ಲಿ ಕೇಳಿದ್ದಿರಿ. ನಾನೀಗ ಮಧ್ಯ ವಿಯೆಟ್ನಾಂನ ಹೋಯಿ ಆನ್ ಎಂಬ ಊರಿನಲ್ಲಿದ್ದೇನೆ. ಕಂಡದ್ದನ್ನು ಬರೆಯುತ್ತೇನೆ.

ಪರಿಚಯವಾದ ಕೂಡಲೇ ವಯಸ್ಸು ಕೇಳುತ್ತಾರೆ. ಬೇಸರ ಮಾಡಿಕೊಳ್ಳಬೇಡಿ. ದೊಡ್ಡವರೋ ಚಿಕ್ಕವರೋ ಗೊತ್ತಾಗದೆ ಹೇಗೆ ಮಾತಾಡಿಸುವುದು, ಅಲ್ವಾ? ಹಿರಿಯರಿಗೆ ಏನೇ ಕೊಟ್ಟರೂ ಎರಡು ಕೈಯಿಂದ ಕೊಡಿ. ಮನೆಯೊಳಗೆ ಚಪ್ಪಲಿ ಬೇಡ.

ನನ್ನ ಮನಸ್ಸು ತಟ್ಟಿದ್ದು ತೀರಿಹೋದ ಹಿರಿಯರ ಬಗ್ಗೆ ಇವರಿಗಿರುವ ಪ್ರೀತಿ. ಮನೆಯ ಒಳ್ಳೆಯ ಜಾಗದಲ್ಲೇ ಅವರ ಫೋಟೊ, ಮುಂದೆ ಹಣ್ಣು, ಊದುಬತ್ತಿ. ತಿಥಿಯ ದಿನ ಬಂಧುಗಳೆಲ್ಲ ಸೇರುತ್ತಾರೆ. ಮೊದಲು ಅವರಿಗೆ ಎಡೆ, ಆಮೇಲೆ ಎಲ್ಲರ ಊಟ. ನಾನು ಉಳಿದಿರುವ ಮನೆಯ ಅಜ್ಜಿ ಅಂಥ ಊಟಕ್ಕೆ ನನ್ನನ್ನೂ ಕೂರಿಸಿದರು, ಪಕ್ಕದಲ್ಲೇ ಕೂತು ಬಡಿಸಿದರು. ಗುರುತು ಪರಿಚಯ ಇಲ್ಲದವಳನ್ನು ಮನೆಯವಳ ಹಾಗೆ ಕಂಡ ಆ ದೊಡ್ಡ ಮನಸ್ಸಿಗೆ ನಾನು ಋಣಿ.

ಸಸ್ಯಾಹಾರಿಗಳು 'ಚಾಯ್' (Chay) ಎಂದು ಬೋರ್ಡ್ ಇರುವ ಹೋಟೆಲ್ ಹುಡುಕಿ. ಇಲ್ಲಿ ಅದು ಟೀ ಅಲ್ಲ, ಸಸ್ಯಾಹಾರ ಎಂದರ್ಥ. ಬೇರೆ ಕಡೆ ಸೊಪ್ಪಿನ ಪಲ್ಯಕ್ಕೂ ಮೀನಿನ ಸಾಸ್ ಹಾಕಿರಬಹುದು. ಹುಣ್ಣಿಮೆಗೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಎಷ್ಟೋ ಜನ ಇಲ್ಲಿ ಮಾಂಸ ಮುಟ್ಟುವುದಿಲ್ಲ. ಆಗ ನಿಮಗೆ ಸುಲಭ.

ಹೋಯಿ ಆನ್ ಹತ್ತಿರದ ಮಿ ಸನ್ ಮಾತ್ರ ತಪ್ಪಿಸಬೇಡಿ. ಹಿಂದೆ ಈ ಕಡೆ ಆಳುತ್ತಿದ್ದ ಚಂಪಾ ರಾಜ್ಯದ ರಾಜರು 4ನೇ ಶತಮಾನದಿಂದ 13ರವರೆಗೆ ಗುಡಿ ಕಟ್ಟಿಸುತ್ತಾ ಬಂದ ಜಾಗ. ಹೆಚ್ಚಿನವು ಶಿವನ ಗುಡಿಗಳು. 1969ರಲ್ಲಿ ಅಮೆರಿಕದ ಬಾಂಬ್ ಬಿದ್ದು ಬಹಳಷ್ಟು ಹಾಳಾಗಿವೆ. ನೋಡಿ ಹೊಟ್ಟೆ ಉರಿಯಿತು. ಕೆಲವನ್ನು ನಮ್ಮ ಭಾರತದ ಪುರಾತತ್ವ ಇಲಾಖೆಯವರೇ ಬಂದು ದುರಸ್ತಿ ಮಾಡಿದ್ದಾರೆ. ಬೆಳಿಗ್ಗೆ ಬೇಗ ಹೋಗಿ, ಆಮೇಲೆ ಬಿಸಿಲು ಜಾಸ್ತಿ.

ಇನ್ನೇನಾದರೂ ಬೇಕಿದ್ದರೆ ಇಲ್ಲೇ ಕೇಳಿ, ರಾತ್ರಿ ಉತ್ತರಿಸುತ್ತೇನೆ.